ಅಂಗುಲ ಎತ್ತರದ ಶತ್ರು

ಜಾನ್ ಪೆರಿ ತನ್ನ ಎಪ್ಪತ್ತೈದನೆಯ ಹುಟ್ಟುಹಬ್ಬದ ದಿನ ಹೆಂಡತಿಯ ಸಮಾಧಿಯನ್ನು ನೋಡಿಕೊಂಡು ಬಂದು ಸೈನ್ಯಕ್ಕೆ ಸೇರುತ್ತಾನೆ. ಅಮೆರಿಕದ ಜಾನ್ ಸ್ಕಾಲ್ಜಿ ಬರೆದ ವಿಜ್ಞಾನ ಕಾದಂಬರಿ ಸರಣಿಯ ಮೊದಲ ಪುಸ್ತಕ ‘ಓಲ್ಡ್ ಮ್ಯಾನ್ಸ್ ವಾರ್’ ಆರಂಭವಾಗುವುದೇ ಹೀಗೆ. ಆ ವಯಸ್ಸಿನವರಿಗೆ ನಾವು ಬಸ್ಸಿನಲ್ಲಿ ಸೀಟು ಬಿಟ್ಟುಕೊಡುತ್ತೇವೆ. ಈ ಸೈನ್ಯ ಬಂದೂಕು ಕೊಡುತ್ತದೆ. ಅದಕ್ಕಿಂತ ಚಿಕ್ಕವರಿಗೆ ಅಲ್ಲಿ ಪ್ರವೇಶವೇ ಇಲ್ಲ. ನೇಮಕಾತಿ ಕಚೇರಿಯಲ್ಲಿ ಒಂದೊಂದೇ ಷರತ್ತನ್ನು ಓದಿ ಹೇಳುತ್ತಾರೆ, ಪೆರಿ ಒಪ್ಪಿಕೊಂಡು ಸಹಿ ಹಾಕುತ್ತಾನೆ. ಇನ್ನು ಭೂಮಿಗೆ ಮರಳುವಂತಿಲ್ಲ. ಎಪ್ಪತ್ತೆರಡು ಗಂಟೆ ಕಳೆದರೆ ಕಾನೂನಿನ ಲೆಕ್ಕದಲ್ಲಿ ಅವನು ಸತ್ತವನು. ಆಸ್ತಿ ವಾರಸುದಾರರ ಪಾಲು. ಇಷ್ಟು ವಯಸ್ಸಾದವರನ್ನು ಕರೆದುಕೊಂಡು ಹೋಗಿ ಏನು ಮಾಡುತ್ತಾರೆ ಎಂದು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಯೌವನ ಮರಳಿ ಕೊಡುತ್ತಾರಂತೆ ಎಂಬ ಗಾಳಿಮಾತನ್ನು ನೆಚ್ಚಿಕೊಂಡು ಜನ ತಮ್ಮ ಸಾವಿನ ಕಾಗದಕ್ಕೆ ತಾವೇ ಸಹಿ ಮಾಡುತ್ತಿದ್ದಾರೆ.

ಮೊದಲ ಓದಿನಲ್ಲಿ ನಾನು ಈ ಭಾಗಕ್ಕೆ ಚೆನ್ನಾಗಿ ನಕ್ಕಿದ್ದೆ. ಸರ್ಕಾರಿ ಕಾಗದಪತ್ರದ ನೀರಸ ಭಾಷೆಯಲ್ಲಿ ಮರಣವನ್ನು ಓದಿಸುವುದು ಹಳೆಯ ವಿನೋದ, ಆದರೂ ಕೆಲಸ ಮಾಡುತ್ತದೆ. ಪುಸ್ತಕ ಮುಗಿಸಿ ಮತ್ತೆ ಮೊದಲಿನಿಂದ ಓದಿದಾಗ ಅದೇ ಪುಟಗಳಲ್ಲಿ ನಗು ಬರಲಿಲ್ಲ. ಷರತ್ತುಗಳಲ್ಲಿ ಒಂದೂ ಸುಳ್ಳಾಗಿರಲಿಲ್ಲ. ಪೆರಿಗೆ ಆಮೇಲೆ ಆಗುವುದೆಲ್ಲ ಆ ಕಾಗದದಲ್ಲೇ ಇತ್ತು, ಅವನೂ ನಾನೂ ಅದನ್ನು ತಮಾಷೆಯೆಂದು ಓದಿಕೊಂಡಿದ್ದೆವು. ಈ ಸರಣಿಯಲ್ಲಿ ಸ್ಕಾಲ್ಜಿ ನಗುವನ್ನು ಸಾಲವಾಗಿ ಕೊಡುತ್ತಾರೆ, ವಸೂಲಿಗೆ ತಪ್ಪದೆ ಬರುತ್ತಾರೆ. ಬಾರದೆ ಹೋದ ಕಡೆಗಳಲ್ಲಿ ಪುಸ್ತಕ ಸಪ್ಪೆಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕೆನ್ನಿಸಿ ಈ ಬರಹ. ಕಥೆಯ ಗುಟ್ಟುಗಳು ಇಲ್ಲಿ ಬಯಲಾಗುತ್ತವೆ. ಓದುವ ಯೋಚನೆ ಇದ್ದವರು ಇಲ್ಲಿಗೇ ನಿಲ್ಲಿಸಿದರೆ ನನಗೆ ಬೇಸರವಿಲ್ಲ.

ಸರಣಿಯ ಹುಟ್ಟು ಕೂಡ ಸ್ವಾರಸ್ಯಕರ. ಸ್ಕಾಲ್ಜಿ ಈ ಕಾದಂಬರಿಯನ್ನು 2002ರ ಡಿಸೆಂಬರ್‌ನಲ್ಲಿ ತಮ್ಮ ಸ್ವಂತ ಜಾಲತಾಣದಲ್ಲಿ ಕಂತುಗಳಾಗಿ ಹಾಕಿದರು. ಅದನ್ನು ಓದಿದ ಟಾರ್ ಪ್ರಕಾಶನದ ಸಂಪಾದಕರು ತಾವಾಗಿಯೇ ಕೇಳಿ ಪಡೆದರು, 2005ರಲ್ಲಿ ಪುಸ್ತಕವಾಯಿತು. ಮರುವರ್ಷ ವಿಜ್ಞಾನ ಸಾಹಿತ್ಯಕ್ಕೆ ಕೊಡುವ ಹ್ಯೂಗೋ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂತು. ಹೊಸ ಲೇಖಕರಿಗೆ ಆಗ ಜಾನ್ ಕ್ಯಾಂಪ್‌ಬೆಲ್ ಹೆಸರಿನಲ್ಲಿ ಕೊಡುತ್ತಿದ್ದ ಪ್ರಶಸ್ತಿ ಸ್ಕಾಲ್ಜಿಗೆ ಸಿಕ್ಕಿತು. ‘ದ ಘೋಸ್ಟ್ ಬ್ರಿಗೇಡ್ಸ್’ (2006), ‘ದ ಲಾಸ್ಟ್ ಕಾಲನಿ’ (2007), ‘ಜೋಯಿಸ್ ಟೇಲ್’ (2008), ‘ದ ಹ್ಯೂಮನ್ ಡಿವಿಷನ್’ (2013), ‘ದಿ ಎಂಡ್ ಆಫ್ ಆಲ್ ಥಿಂಗ್ಸ್’ (2015) ಎಂದು ಸರಣಿ ಬೆಳೆದು, ಹತ್ತು ವರ್ಷ ಸುಮ್ಮನಿದ್ದು, 2025ರಲ್ಲಿ ‘ದ ಶ್ಯಾಟರಿಂಗ್ ಪೀಸ್’ ಬಂದಿದೆ.

ಹಿನ್ನೆಲೆ ಇಷ್ಟು. ವಿಶ್ವದಲ್ಲಿ ವಾಸಕ್ಕೆ ಯೋಗ್ಯವಾದ ಗ್ರಹಗಳು ಕಡಿಮೆ, ಅವುಗಳ ಮೇಲೆ ಕಣ್ಣಿಟ್ಟ ಜೀವಜಾತಿಗಳು ನೂರಾರು. ಎಲ್ಲರೂ ಎಲ್ಲರ ಮೇಲೆ ಯುದ್ಧಕ್ಕೆ ನಿಂತಿದ್ದಾರೆ. ಮನುಷ್ಯರ ಪರವಾಗಿ ಕಾದಾಡುವುದು ವಸಾಹತು ರಕ್ಷಣಾ ಪಡೆ. ಅದಕ್ಕೆ ಸೈನಿಕರು ಬೇಕು, ಹೊಸ ಗ್ರಹಗಳಿಗೆ ಒಕ್ಕಲು ಬೇಕು. ಒಕ್ಕಲು ಹೋಗುವವರನ್ನು ಭಾರತದಂಥ ಜನ ತುಂಬಿದ ದೇಶಗಳಿಂದ ಆರಿಸುತ್ತಾರೆ. ಅಮೆರಿಕದವರಿಗೆ ಉಳಿದ ದಾರಿ ಎಪ್ಪತ್ತೈದು ತುಂಬಿ ಸೈನಿಕರಾಗುವುದು ಮಾತ್ರ. ಹಿಂದೆ ಉಪಖಂಡದಲ್ಲಿ ಒಂದು ಮಹಾಯುದ್ಧ ನಡೆದು ಅಮೆರಿಕ ಗೆದ್ದಿದೆ, ಗೆದ್ದವರು ಭೂಮಿಯಲ್ಲೇ ಉಳಿದು ಸೋತವರು ನಕ್ಷತ್ರಗಳಿಗೆ ಹೋಗುತ್ತಿದ್ದಾರೆ. ಬಾಹ್ಯಾಕಾಶಕ್ಕೆ ಒಯ್ಯುವ ಲಿಫ್ಟಿನಲ್ಲಿ ಒಬ್ಬ ದಢೂತಿ ಮನುಷ್ಯ ಇದೇ ವಿಷಯ ಹಿಡಿದು ಭಾರತೀಯರ ಮೇಲೆ ಗೊಣಗುತ್ತಾನೆ. ಅವನ ಮಾತು ಕೇಳುವ ಅಮೆರಿಕನ್ನರು ಮುಜುಗರಪಡುತ್ತಾರೆ. ಭಾರತದ ಓದುಗನಿಗೆ ಆ ಪುಟದಲ್ಲಿ ಸಿಗುವ ಸುಖ ಬೇರೆಯೇ, ಅದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವೇನಿಲ್ಲ.

ಹೆನ್ರಿ ಹಡ್ಸನ್ ಎಂಬ ನೌಕೆಯಲ್ಲಿ ಪೆರಿಗೆ ಆರು ಮಂದಿ ಗೆಳೆಯರು ಸಿಗುತ್ತಾರೆ. ಭೌತಶಾಸ್ತ್ರ ಕಲಿಸುತ್ತಿದ್ದ ಹ್ಯಾರಿ ವಿಲ್ಸನ್, ಸೈದ್ಧಾಂತಿಕ ಭೌತವಿಜ್ಞಾನಿ ಅಲನ್, ವೈದ್ಯ ಥಾಮಸ್, ಪೂರ್ವದೇಶಗಳ ಧರ್ಮಗಳನ್ನು ಪಾಠ ಮಾಡುತ್ತಿದ್ದ ಮ್ಯಾಗಿ, ಜೆಸ್ಸಿ, ಸೂಸನ್. ತಮ್ಮ ಗುಂಪಿಗೆ ತಾವೇ ಒಂದು ಪೋಲಿ ಹೆಸರಿಟ್ಟುಕೊಳ್ಳುತ್ತಾರೆ. ಮುದುಕರ ವಾಯುಬಾಧೆಗೆ ಸಂಬಂಧಪಟ್ಟದ್ದು ಎಂದಷ್ಟೇ ಹೇಳಿದರೆ ಸಾಕು. ಯುದ್ಧದ ಕಾದಂಬರಿಗಳಲ್ಲಿ ಹದಿನೆಂಟರ ಹುಡುಗರ ತಮಾಷೆಯನ್ನು ಸಾಕಷ್ಟು ಓದಿದ್ದೇವೆ. ಆ ಹುಡುಗರು ಸಾವನ್ನು ನಂಬುವುದಿಲ್ಲ, ಅದಕ್ಕೇ ನಗುತ್ತಾರೆ. ಈ ಏಳು ಮಂದಿ ಗಂಡನನ್ನೋ ಹೆಂಡತಿಯನ್ನೋ ಮಣ್ಣು ಮಾಡಿ ಬಂದವರು, ಸಕ್ಕರೆ ಕಾಯಿಲೆ, ಹೃದಯದ ಔಷಧಿಗಳ ಮಧ್ಯೆ ಬದುಕಿದವರು. ಬೆಳಗ್ಗೆ ಉದ್ಯಾನಗಳ ಕಲ್ಲುಬೆಂಚುಗಳ ಮೇಲೆ ಕೂತ ಪಿಂಚಣಿದಾರರ ಮಾತಿಗೆ ಕಿವಿಗೊಟ್ಟವರಿಗೆ ಈ ಹಾಸ್ಯದ ಜಾತಿ ಪರಿಚಿತ. ‘ಯಾರು ಹೋದರು?’ ಎಂಬ ಪ್ರಶ್ನೆಯಿಂದ ಶುರುವಾದ ಮಾತು ಎರಡು ನಿಮಿಷದಲ್ಲಿ ಮಲಬದ್ಧತೆಗೆ ಬಂದು, ಅಲ್ಲಿಂದ ಎಲ್ಲರೂ ಬಿದ್ದು ಬಿದ್ದು ನಗುವ ಘಟ್ಟಕ್ಕೆ ಹೋಗುತ್ತದೆ. ದೇಹ ಎನ್ನುವುದು ಅವರ ಪಾಲಿಗೆ ಹೆಮ್ಮೆಯ ವಸ್ತುವಾಗಿ ಉಳಿದಿಲ್ಲ. ದಿನವೂ ಹೊಸ ಚೇಷ್ಟೆ ಮಾಡುವ ಬಾಡಿಗೆದಾರ. ಸೈನಿಕ ಕಾದಂಬರಿಗೆ ಈ ಹಾಸ್ಯವನ್ನು ತಂದದ್ದು ಸ್ಕಾಲ್ಜಿಯ ನಿಜವಾದ ಹೊಸತನ.

ಆಮೇಲೆ ಬರುತ್ತದೆ ದೇಹ ಬದಲಾವಣೆ. ಅವರವರ ವಂಶವಾಹಿಯಿಂದಲೇ ಬೆಳೆಸಿದ, ಆದರೆ ಅದನ್ನು ಸಾಕಷ್ಟು ತಿದ್ದಿದ ಹೊಸ ಶರೀರಗಳು ಸಿದ್ಧವಾಗಿವೆ. ಹಸಿರು ಚರ್ಮ, ಬೆಕ್ಕಿನ ಕಣ್ಣು, ಆಮ್ಲಜನಕವನ್ನು ಹೆಚ್ಚು ಹೊರುವ ಕೃತಕ ರಕ್ತ. ಪ್ರಜ್ಞೆಯನ್ನು ಹಳೆಯ ಶರೀರದಿಂದ ಇದಕ್ಕೆ ದಾಟಿಸುತ್ತಾರೆ. ತಲೆಯೊಳಗೆ ಬ್ರೇನ್‌ಪ್ಯಾಲ್ ಎಂಬ ಗಣಕಯಂತ್ರವೂ ಇದೆ. ಎಚ್ಚರವಾದ ಕೂಡಲೇ ಅದು ಬಹಳ ವಿನಯದಿಂದ, ಹೊಸ ಮೊಬೈಲ್ ಕೊಂಡಾಗ ಬರುವ ಸೂಚನೆಗಳ ಧಾಟಿಯಲ್ಲಿ, ತನ್ನನ್ನು ಪರಿಚಯಿಸಿಕೊಳ್ಳುತ್ತದೆ. ಬಳಕೆದಾರರು ನನಗೊಂದು ಹೆಸರಿಡಬಹುದು, ಏನೆಂದು ಕರೆಯುತ್ತೀರಿ ಎಂದು ಕೇಳುತ್ತದೆ. ಪೆರಿ ಒಂದು ಕೊಳಕು ಬೈಗುಳವನ್ನು ಹೆಸರಾಗಿ ಕೊಡುತ್ತಾನೆ. ಯಂತ್ರ ಬೇಸರಪಡುವುದಿಲ್ಲ. ಈ ಹೆಸರನ್ನು ಈಗಾಗಲೇ ಬಹಳಷ್ಟು ಸೈನಿಕರು ಇಟ್ಟಿದ್ದಾರೆ, ಬೇರೆಯದನ್ನು ಆರಿಸಿಕೊಳ್ಳುವಿರಾ ಎಂದು ವಿಚಾರಿಸುತ್ತದೆ. ಬೇಡ ಅನ್ನುತ್ತಾನೆ ಪೆರಿ. ತನ್ನಂತೆಯೇ ಯೋಚಿಸಿದವರು ಅಷ್ಟು ಮಂದಿ ಇದ್ದಾರೆಂದು ಅವನಿಗೆ ಹೆಮ್ಮೆ.

ಇಡೀ ಸರಣಿಯಲ್ಲಿ ಅತಿ ಹೆಚ್ಚು ಓದುಗರು ನೆನಪಿಟ್ಟುಕೊಂಡ ವಿನೋದ ಬಹುಶಃ ಇದು. ನನಗೆ ಅದರಲ್ಲಿ ಮೆಚ್ಚುಗೆಯಾಗುವುದು ಎರಡನೆಯ ಅರ್ಧ: ‘ಬಹಳಷ್ಟು ಸೈನಿಕರು ಇಟ್ಟಿದ್ದಾರೆ’ ಎಂಬ ಆ ತಣ್ಣನೆಯ ಮಾಹಿತಿ. ಬಂಡಾಯವೆಂದು ಪೆರಿ ಭಾವಿಸಿದ್ದು ಸೈನ್ಯದ ದಾಖಲೆಯಲ್ಲಿ ಮಾಮೂಲಿ ಸಂಗತಿ. ನೀನು ಬೈಯುತ್ತೀಯೆಂದು ಅದಕ್ಕೆ ಮೊದಲೇ ಗೊತ್ತು, ಬೈಗುಳಕ್ಕೂ ಒಂದು ಖಾನೆ ಮಾಡಿಟ್ಟಿದೆ. ಅಲ್ಲಿಂದ ಮುಂದೆ ಗುಂಡಿನ ಮಳೆಯ ನಡುವೆ, ಜೊತೆಯವರು ಸತ್ತುಬಿದ್ದ ಜಾಗದಲ್ಲಿ, ಪೆರಿ ಸಹಾಯಕ್ಕಾಗಿ ಕರೆಯಬೇಕಾದದ್ದು ಅದೇ ಬೈಗುಳವನ್ನು. ಅದು ವಿಧೇಯವಾಗಿ ಉತ್ತರ ಕೊಡುತ್ತದೆ. ಯಾವ ಪುಟದಲ್ಲಿ ಆ ಹೆಸರು ತಮಾಷೆಯಾಗಿ ಕೇಳಿಸುವುದು ನಿಂತಿತೆಂದು ಹುಡುಕಿದರೆ ಸಿಗುವುದಿಲ್ಲ.

ಹೊಸ ಶರೀರ ಸಿಕ್ಕ ಮೇಲೆ ಕೆಲವು ದಿನ ರಜೆ. ಎಪ್ಪತ್ತೈದು ವರ್ಷದ ಮನಸ್ಸುಗಳು ಇಪ್ಪತ್ತರ ದೇಹದೊಳಗೆ ಕೂತರೆ ಏನಾಗಬೇಕೋ ಅದು ನೌಕೆಯ ತುಂಬ ನಡೆಯುತ್ತದೆ. ಸೈನ್ಯವೇ ಅದಕ್ಕೆ ಉತ್ತೇಜನ ಕೊಡುತ್ತದೆ. ಈ ಅಧ್ಯಾಯದಲ್ಲಿ ಸ್ಕಾಲ್ಜಿ ಸ್ವಲ್ಪ ಹೆಚ್ಚೇ ಖುಷಿಪಟ್ಟಿದ್ದಾರೆ. ಪಡ್ಡೆ ಹುಡುಗನ ಕನಸನ್ನು ಮುದುಕರ ಹೆಸರಿನಲ್ಲಿ ಬರೆದಂತೆ ಕಾಣುತ್ತದೆ, ಎರಡು ಪುಟ ಕಡಿಮೆ ಮಾಡಿದ್ದರೆ ನಷ್ಟವಿರಲಿಲ್ಲ. ಆದರೆ ರಜೆಯ ಹಿಂದೆಮುಂದೆ ಏನಿದೆ ನೋಡಿ. ಕರ್ನಲ್ ಹಿಗ್ಗಿ ಎಂಬ ಅಧಿಕಾರಿ ಎಲ್ಲರನ್ನೂ ಸಭಾಂಗಣದಲ್ಲಿ ಕೂರಿಸಿ, ಹತ್ತು ವರ್ಷದೊಳಗೆ ನಿಮ್ಮಲ್ಲಿ ನಾಲ್ಕರಲ್ಲಿ ಮೂರು ಪಾಲು ಸಾಯುತ್ತೀರಿ ಎಂದು ಲೆಕ್ಕ ಒಪ್ಪಿಸುತ್ತಾನೆ. ಯುವಶರೀರದ ಬೆಲೆ ಅದು. ಅಷ್ಟು ಹೊತ್ತು ನಕ್ಕವರ ಮುಂದೆ ಬಿಲ್ಲನ್ನು ಇಟ್ಟು ಹೋಗುತ್ತಾನೆ.

ತರಬೇತಿಯಲ್ಲಿ ಮಾಸ್ಟರ್ ಸಾರ್ಜೆಂಟ್ ರೂಯಿಸ್ ಸಿಗುತ್ತಾನೆ. ಸಿನಿಮಾಗಳಲ್ಲಿ ಬಾಯಿಬಡಿಯುವ ಸಾರ್ಜೆಂಟನ್ನು ನೋಡಿದ್ದೀರಿ, ಮೊದಲು ಗದರಿಸಿ ಕೊನೆಗೆ ಪ್ರೀತಿಸುತ್ತಾನೆ ಎಂದು ಕಾಯುತ್ತಿದ್ದೀರಿ, ನಾನು ಹಾಗಲ್ಲ, ನಿಮ್ಮನ್ನು ನಿಜವಾಗಿ ದ್ವೇಷಿಸುತ್ತೇನೆ ಎಂದು ಮೊದಲ ದಿನವೇ ಸ್ಪಷ್ಟಪಡಿಸುತ್ತಾನೆ. ಆಮೇಲೆ ಸಾಲಿನಲ್ಲಿ ನಿಂತ ಒಬ್ಬೊಬ್ಬರ ಬಳಿಯೂ ಹೋಗಿ, ಪೂರ್ವಾಶ್ರಮ ವಿಚಾರಿಸಿ, ದ್ವೇಷಿಸಲು ಒಂದು ಪ್ರತ್ಯೇಕ ಕಾರಣ ಕಂಡುಹಿಡಿಯುತ್ತಾನೆ. ಪೆರಿಯ ಸರದಿ ಬರುತ್ತದೆ. ಅವನು ಜಾಹೀರಾತು ಬರೆಯುತ್ತಿದ್ದವನು. ಯಾವ ಜಾಹೀರಾತು? ಕೆಲವೊಮ್ಮೆ ಎದ್ದು ದಾರಿ ಹಿಡಿಯಲೇಬೇಕು ಎಂಬರ್ಥದ ಒಂದು ಸಾಲು ಪೆರಿಯದು ಎಂದು ತಿಳಿದ ಕೂಡಲೇ ರೂಯಿಸನ ಮುಖ ಬದಲಾಗುತ್ತದೆ. ಆ ಸಾಲನ್ನೇ ಬದುಕಿನ ಮಂತ್ರ ಮಾಡಿಕೊಂಡವನು ಅವನು. ದ್ವೇಷಿಸಲು ಕಾರಣ ಸಿಗದ ಸಿಟ್ಟಿನಲ್ಲಿ ಪೆರಿಯನ್ನು ತುಕಡಿಯ ನಾಯಕನನ್ನಾಗಿ ಮಾಡಿಬಿಡುತ್ತಾನೆ.

ಇದನ್ನು ಓದಿ ನಕ್ಕು ಮುಂದೆ ಹೋಗುತ್ತೇವೆ. ಒಬ್ಬ ಮನುಷ್ಯ ಸರಕು ಮಾರಲು ಬರೆದ ಒಂದು ಸಾಲು ಇನ್ನೊಬ್ಬನ ಗೀತೆಯಾಗಿ, ಎಷ್ಟೋ ವರ್ಷಗಳ ಮೇಲೆ, ಇನ್ನೊಂದು ಗ್ರಹದಲ್ಲಿ, ಬರೆದವನ ಕೊರಳಿಗೇ ಸುತ್ತಿಕೊಳ್ಳುತ್ತದೆ. ಬಡ್ತಿ ಸಿಕ್ಕಿದ್ದು ಶೌರ್ಯಕ್ಕಲ್ಲ, ಬುದ್ಧಿಗಲ್ಲ. ಈ ಸೈನ್ಯದಲ್ಲಿ ಯಾರು ಬದುಕುತ್ತಾರೆ, ಯಾರು ಸಾಯುತ್ತಾರೆ ಎಂಬುದೂ ಹೆಚ್ಚುಕಡಿಮೆ ಇದೇ ತೂಕದ ಕಾರಣಗಳಿಂದ ನಿರ್ಧಾರವಾಗುತ್ತದೆ. ಪೆರಿ ಅದೃಷ್ಟವಂತ, ಮುಂದೆಯೂ ಅದೃಷ್ಟವಂತನಾಗಿಯೇ ಇರುತ್ತಾನೆ; ಅವನ ಅಕ್ಕಪಕ್ಕದವರಿಗೆ ಒಳ್ಳೆಯ ಜಾಹೀರಾತು ಬರೆದ ಪುಣ್ಯವಿಲ್ಲ.

ಈಗ ಕೊವಾಂಡು ಯುದ್ಧಕ್ಕೆ ಬರುತ್ತೇನೆ. ಈ ಬರಹದ ತಲೆಬರಹ ಅಲ್ಲಿಂದ ಬಂದದ್ದು.

ಕೊವಾಂಡುಗಳು ಎಷ್ಟೋ ವಿಷಯಗಳಲ್ಲಿ ಮನುಷ್ಯರಂತೆಯೇ. ನಗರ ಕಟ್ಟುತ್ತಾರೆ, ವಸಾಹತು ಹೂಡುತ್ತಾರೆ, ಹಟಮಾರಿಗಳು, ಯುದ್ಧಪ್ರಿಯರು. ವ್ಯತ್ಯಾಸ ಒಂದೇ: ಅವರ ಎತ್ತರ ಒಂದು ಅಂಗುಲ. ಅವರ ಬಂದೂಕಿನ ಗುಂಡು ಈ ಹಸಿರು ಸೈನಿಕರ ಕವಚಕ್ಕೆ ತಾಗಿದರೂ ಗೊತ್ತಾಗುವುದಿಲ್ಲ. ಹೀಗಾಗಿ ಪೆರಿಯ ತುಕಡಿಗೆ ಸಿಕ್ಕ ಕೆಲಸವೆಂದರೆ ಕೊವಾಂಡು ನಗರದೊಳಗೆ ನಡೆದುಕೊಂಡು ಹೋಗುವುದು. ಅಷ್ಟೇ. ಬೂಟುಗಳೇ ಆಯುಧ. ಗಗನಚುಂಬಿ ಕಟ್ಟಡಗಳು ಮನುಷ್ಯನ ಎತ್ತರ ಮುಟ್ಟಿದರೆ ಹೆಚ್ಚು. ಜಪಾನಿನ ಹಳೆಯ ದೈತ್ಯಪ್ರಾಣಿಗಳ ಸಿನಿಮಾ ನೋಡಿದವರಿಗೆ ಚಿತ್ರ ತಕ್ಷಣ ಕಣ್ಣಿಗೆ ಕಟ್ಟುತ್ತದೆ. ನಾವು ಚಿಕ್ಕಂದಿನಲ್ಲಿ ಮರಳಿನಲ್ಲಿ ಗುಬ್ಬಿಗೂಡು ಕಟ್ಟಿ ಕಾಲಿನಿಂದ ಕೆಡವಿದ ಸುಖವೂ ಅದರಲ್ಲಿದೆ. ನಾನು ನಕ್ಕೆ. ನಕ್ಕವರು ನಾನೊಬ್ಬನೇ ಆಗಿರಲಾರೆ, ಏಕೆಂದರೆ ಸ್ಕಾಲ್ಜಿ ಆ ಭಾಗವನ್ನು ನಗಲೆಂದೇ ಹೊಂದಿಸಿದ್ದಾರೆ. ಎಲ್ಲ ಅಳತೆಗಳೂ ವಿನೋದದ ಅಳತೆಗಳು.

ನಗರ ಮುಗಿದ ಮೇಲೆ ಪೆರಿ ಕುಸಿದು ಕೂರುತ್ತಾನೆ. ಅವನಿಗೆ ನಿಲ್ಲಲು ಆಗುವುದಿಲ್ಲ. ಬುದ್ಧಿಯಿರುವ ಜೀವಿಗಳನ್ನು, ಊರು ಮನೆ ಮಾಡಿಕೊಂಡವರನ್ನು, ತುಳಿದು ತುಳಿದು ಕೊಂದಿದ್ದೇನೆ. ನಾನಿನ್ನು ಮನುಷ್ಯನೇ ಅಲ್ಲ, ರಾಕ್ಷಸನಾಗಿದ್ದೇನೆ ಅನ್ನುತ್ತಾನೆ. ಗೆಳೆಯ ಅಲನ್ ಪಕ್ಕದಲ್ಲಿ ಕೂತು ಸಮಾಧಾನ ಮಾಡಲು ನೋಡುತ್ತಾನೆ. ಪೆರಿ ಇದಕ್ಕೆ ಮೊದಲು ಭೀಕರವಾದ ಶತ್ರುಗಳ ಜೊತೆ ಕಾದಾಡಿದ್ದ. ಕಾನ್ಸು ಎಂಬ ಧರ್ಮಾಂಧರ ಎದುರು ಜೀವ ಉಳಿದದ್ದೇ ಹೆಚ್ಚು. ಆಗೆಲ್ಲ ಇಂಥ ಯೋಚನೆ ಬಂದಿರಲಿಲ್ಲ. ಎದುರಾಳಿಗೂ ಕೊಲ್ಲುವ ಶಕ್ತಿ ಇದ್ದಾಗ ಭಯ ಮನಸ್ಸನ್ನು ತುಂಬಿ ಬೇರೆ ಪ್ರಶ್ನೆಗಳಿಗೆ ಜಾಗ ಕೊಡುವುದಿಲ್ಲ. ಶತ್ರು ಹಾಸ್ಯಾಸ್ಪದವಾದಾಗ ಭಯ ಹೋಯಿತು, ಮಾಡುತ್ತಿರುವ ಕೆಲಸ ಬರಿಗಣ್ಣಿಗೆ ಕಂಡಿತು. ಎಷ್ಟು ವಿಚಿತ್ರ ನೋಡಿ: ಯುದ್ಧದ ಬಗೆಗಿನ ಸತ್ಯವನ್ನು ಹೇಳಲು ಗಂಭೀರ ಶತ್ರುಗಳಿಂದ ಆಗದ್ದು ಈ ಅಂಗುಲದ ಮಂದಿಯಿಂದ ಆಯಿತು. ಅದಕ್ಕಿಂತ ಮುಖ್ಯ, ಪೆರಿ ಕುಸಿದಾಗ ನಗುತ್ತಿದ್ದವನು ನಾನು. ಕಟ್ಟಡ ಉರುಳುವುದನ್ನು ಬೂಟಿನ ಎತ್ತರದಿಂದ ನೋಡಿ ಖುಷಿಪಟ್ಟಿದ್ದೆ. ಲೇಖಕರು ಒಂದು ಮಾತೂ ಬೈಯದೆ ಅದನ್ನು ತೋರಿಸಿಕೊಟ್ಟರು.

ನಮ್ಮ ಕಾವ್ಯದಲ್ಲೂ ಯುದ್ಧದ ನಡುವೆ ನಗು ಇದೆ. ಕುಮಾರವ್ಯಾಸನ ವಿರಾಟಪರ್ವದ ಉತ್ತರಕುಮಾರ ಅಂತಃಪುರದ ಹೆಂಗಸರ ಮುಂದೆ ಕೊಚ್ಚಿಕೊಂಡು, ಕೌರವ ಸೇನೆಯನ್ನು ಕಂಡ ಕೂಡಲೇ ರಥದಿಂದ ಧುಮುಕಿ ಓಡುತ್ತಾನೆ. ಯಕ್ಷಗಾನದಲ್ಲಿ ಆ ಪ್ರಸಂಗಕ್ಕೆ ಇವತ್ತಿಗೂ ಸಭೆ ನಗುತ್ತದೆ. ಆದರೆ ಅದು ಕುರುಕ್ಷೇತ್ರಕ್ಕೆ ಮೊದಲಿನ ಕಥೆ. ಮಲಗಿಸಿದ ವೀರರ ಮೈಮೇಲಿನ ಬಟ್ಟೆಗಳನ್ನು ಗೊಂಬೆಗಳಿಗೆಂದು ತಂದುಕೊಟ್ಟು ಪ್ರಸಂಗ ಮುಗಿಯುತ್ತದೆ. ಉತ್ತರ ನಿಜವಾಗಿ ಯುದ್ಧ ಮಾಡಿ ಸಾಯುವುದು ಭೀಷ್ಮಪರ್ವದಲ್ಲಿ, ಅಲ್ಲಿ ನಗಿಸುವವರಿಲ್ಲ. ನಗುವಿಗೂ ಕೊಲೆಗೂ ನಡುವೆ ಒಂದು ಪರ್ವದಷ್ಟು ದೂರವನ್ನಾದರೂ ನಮ್ಮ ಕವಿಗಳು ಇಟ್ಟಿದ್ದರು. ಸ್ಕಾಲ್ಜಿ ಆ ದೂರವನ್ನು ತೆಗೆದುಹಾಕಿ ಎರಡನ್ನೂ ಒಂದೇ ಪುಟದಲ್ಲಿ ಕೂರಿಸಿದ್ದಾರೆ.

ಎಲ್ಲ ಕಡೆಯೂ ಅವರು ಇಷ್ಟು ನ್ಯಾಯವಾಗಿ ನಡೆದುಕೊಳ್ಳುವುದಿಲ್ಲ. ಬೆಂಡರ್ ಎಂಬ ಸೈನಿಕನ ಪ್ರಸಂಗ ನನಗೆ ಇಂದಿಗೂ ಇರುಸುಮುರುಸು. ಇವನು ಭೂಮಿಯಲ್ಲಿ ಸೆನೆಟರ್ ಆಗಿದ್ದ ದೊಡ್ಡ ಮನುಷ್ಯ. ಯುದ್ಧ ಬಿಟ್ಟು ಮಾತುಕತೆ ನಡೆಸಬೇಕು ಎಂದು ಸದಾ ಭಾಷಣ ಬಿಗಿಯುತ್ತಾನೆ. ಮಾತಿನ ಮಲ್ಲ, ತನ್ನ ದನಿಯನ್ನು ತಾನೇ ಕೇಳಿ ಸಂತೋಷಪಡುವವನು. ಅಂಥವರನ್ನು ನಾವು ಎಲ್ಲ ಪಕ್ಷಗಳಲ್ಲೂ ಕಂಡಿದ್ದೇವೆ. ವೈಡಿಯನ್ ಜನರ ಮೇಲಿನ ದಾಳಿಯಲ್ಲಿ ಅವನು ಆಯುಧ ಕೆಳಗಿಟ್ಟು, ಶಾಂತಿದೂತನಂತೆ ಕೈಚಾಚಿ ಅವರ ಮುಂದೆ ಹೋಗುತ್ತಾನೆ. ಅವರು ಕ್ಷಣದಲ್ಲಿ ಅವನನ್ನು ಮುಗಿಸುತ್ತಾರೆ. ಓದುಗನಿಗೆ ನಗು ಬರುವಂತೆ ಪಾತ್ರವನ್ನು ಕಟ್ಟಿದ್ದಾರೆ, ಬರುತ್ತದೆ ಕೂಡ. ವಿವೆರೋಸ್ ಎಂಬ ಸಹಸೈನಿಕೆ, ಅವನು ಹೇಳಿದ್ದರಲ್ಲಿ ಹುರುಳಿದ್ದಿರಬಹುದು, ಅವನಿಗೆ ಬೇಕಾಗಿದ್ದದ್ದು ಮಾತ್ರ ತನ್ನ ಹೆಸರು ಎಂಬ ಧಾಟಿಯಲ್ಲಿ ಮಾತು ಮುಗಿಸುತ್ತಾಳೆ. ಸರಿ, ಆದರೆ ಶಾಂತಿಯ ಮಾತನ್ನು ಆಡಿಸಲು ಒಬ್ಬ ವಿದೂಷಕನನ್ನೇ ಆರಿಸಿದ್ದು ಯಾಕೆ? ನಗಿಸಿ ಬಾಯಿ ಮುಚ್ಚಿಸುವುದು ಸುಲಭದ ದಾರಿ. ಆಮೇಲಿನ ಪುಸ್ತಕಗಳಲ್ಲಿ ರಕ್ಷಣಾ ಪಡೆಯ ಮೋಸಗಳು ಒಂದೊಂದೇ ಹೊರಬಂದು ಬೆಂಡರ್ ಬಹುಪಾಲು ಸರಿ ಹೇಳಿದ್ದನೆಂದು ಗೊತ್ತಾಗುತ್ತದೆ. ಅವನ ಸಾಲವನ್ನು ತೀರಿಸಲು ಸ್ಕಾಲ್ಜಿಗೆ ಮೂರು ಕಾದಂಬರಿ ಹಿಡಿಯಿತು ಎಂದುಕೊಂಡು ಸುಮ್ಮನಾಗಿದ್ದೇನೆ.

ಏಳು ಮಂದಿಯ ಗುಂಪು ಕರಗುತ್ತ ಬರುತ್ತದೆ. ಥಾಮಸ್, ಸೂಸನ್ ಹೋಗುತ್ತಾರೆ. ಬಾಹ್ಯಾಕಾಶದಲ್ಲಿ ಸಾಯುತ್ತಿರುವ ಮ್ಯಾಗಿ, ತಾನು ಪಾಠ ಮಾಡುತ್ತಿದ್ದ ಪರಂಪರೆಗೆ ತಕ್ಕಂತೆ, ಜಪಾನಿ ರೀತಿಯ ಮರಣಕವಿತೆಯೊಂದನ್ನು ಕಳಿಸಿ ಹೋಗುತ್ತಾಳೆ. ಅಲನ್ ಕೂಡ ಉಳಿಯುವುದಿಲ್ಲ. ಊಟದ ಮೇಜಿನ ಮುಂದೆ ಅವರು ಆಡಿದ ಪೋಲಿ ಮಾತುಗಳು ಈ ಸಾವುಗಳನ್ನು ಭಾರವಾಗಿಸುತ್ತವೆ; ಅವುಗಳ ಬಗ್ಗೆ ಸ್ಕಾಲ್ಜಿ ಹೆಚ್ಚು ಬರೆಯುವುದೇ ಇಲ್ಲ.

ಕೋರಲ್ ಗ್ರಹದಲ್ಲಿ ಪೆರಿಯನ್ನು ಸಾವಿನ ದವಡೆಯಿಂದ ಎತ್ತುವವಳು ಜೇನ್ ಸಾಗನ್. ವಿಶೇಷ ಪಡೆಯ ಲೆಫ್ಟಿನೆಂಟ್. ಅವಳ ಮುಖ ಪೆರಿಯ ಸತ್ತ ಹೆಂಡತಿಯ ಮುಖ. ಸೈನ್ಯಕ್ಕೆ ಹೆಸರು ಕೊಟ್ಟು ಎಪ್ಪತ್ತೈದು ತುಂಬುವ ಮೊದಲೇ ತೀರಿಕೊಂಡವರ ವಂಶವಾಹಿಯನ್ನೂ ಪಡೆ ವ್ಯರ್ಥ ಮಾಡುವುದಿಲ್ಲ, ಅದರಿಂದ ಹುಟ್ಟುತ್ತಲೇ ವಯಸ್ಕರಾದ ಸೈನಿಕರನ್ನು ಮಾಡುತ್ತದೆ. ಹಾಗಾಗಿ 75 ದಾಟಿದ ಮುದುಕ, ತನ್ನ ಹೆಂಡತಿಯ ಮುಖದ, ಆರು ವರ್ಷ ಪ್ರಾಯದ, ತನಗಿಂತ ಮೇಲಿನ ಅಧಿಕಾರಿಯ ಎದುರು ಕೂತು ಮದುವೆ ಎಂದರೆ ಏನೆಂದು ವಿವರಿಸಬೇಕು. ಪ್ರಹಸನದ ಎಲ್ಲ ಸರಂಜಾಮೂ ಇಲ್ಲಿದೆ. ಸ್ಕಾಲ್ಜಿ ಒಂದೆರಡು ಸಾಲು ಮಾತ್ರ ನಗಿಸಿ ಹಿಡಿತ ಬಿಗಿಮಾಡುತ್ತಾರೆ. ಅವಳು ಕೇಳುವ ಪ್ರಶ್ನೆಗಳೆಲ್ಲ ನಿಜವಾದ ಪ್ರಶ್ನೆಗಳು, ಅವಳಿಗೆ ಬಾಲ್ಯವಿಲ್ಲ. ಕಾದಂಬರಿಯ ಅತ್ಯುತ್ತಮ ಭಾಗ ಯಾವುದೆಂದು ಕೇಳಿದರೆ ನಾನು ಇದನ್ನು ತೋರಿಸುತ್ತೇನೆ.

ವಿಶೇಷ ಪಡೆಯವರಿಗೆಲ್ಲ ವಿಜ್ಞಾನಿಗಳ, ತತ್ವಜ್ಞಾನಿಗಳ ಅಡ್ಡಹೆಸರು. ಸಾಗನ್, ಡಿರಾಕ್, ಪೌಲಿಂಗ್, ಹಾರ್ವಿ, ಸೀಬೋರ್ಗ್. ಅಣುಯುದ್ಧದ ವಿರುದ್ಧ ಬದುಕಿಡೀ ಮಾತಾಡಿದ ಖಗೋಳಜ್ಞನ ಹೆಸರನ್ನು ಹೊತ್ತವಳು ನಿದ್ದೆಯಲ್ಲೂ ಕೊಲ್ಲಬಲ್ಲಳು. ಶಾಂತಿಗಾಗಿ ನೊಬೆಲ್ ಪಡೆದ ಪೌಲಿಂಗ್ ಹೆಸರಿನ ಹುಡುಗಿಯ ಕೈಯಲ್ಲೂ ಬಂದೂಕು. ಇದನ್ನು ಯಾರೂ ಎತ್ತಿ ಆಡುವುದಿಲ್ಲ, ಹಾಗೆ ಬಿಟ್ಟದ್ದೇ ಚೆನ್ನ. ‘ದ ಘೋಸ್ಟ್ ಬ್ರಿಗೇಡ್ಸ್’ ಕಾದಂಬರಿಯ ಜಾರೆಡ್ ಡಿರಾಕ್‌ಗೆ ಒಬ್ಬ ನೌಕಾಚಾಲಕ ನಗೆಹನಿ ಹೇಳಿಕೊಡುತ್ತಾನೆ. ಹುಟ್ಟಿ ಕೆಲವೇ ದಿನವಾದ ವಯಸ್ಕನಿಗೆ ಭಾಷೆ ಗೊತ್ತು, ಶಸ್ತ್ರ ಗೊತ್ತು, ನಗೆಹನಿಗೆ ಯಾಕೆ ನಗಬೇಕೆಂದು ಗೊತ್ತಿಲ್ಲ. ಯಾವುದೋ ದ್ರೋಹಿಯ ಪ್ರಜ್ಞೆಯನ್ನು ತುಂಬಿಸಲೆಂದು ಅವನನ್ನು ತಯಾರು ಮಾಡಿದ್ದಾರೆ. ನಗು ಮಾತ್ರ ಅವನು ಸ್ವಂತವಾಗಿ ಸಂಪಾದಿಸಿದ್ದು.

ಕಾನ್ಸುಗಳ ಬಗ್ಗೆ ಒಂದು ಮಾತು ಸೇರಿಸಬೇಕು. ಇವರು ವಿಶ್ವದಲ್ಲೇ ಮುಂದುವರಿದ ಜಾತಿ, ಬೇರೆಯವರ ಸಂಪರ್ಕ ಅವರಿಗೆ ಮೈಲಿಗೆ. ಅವರ ಬಳಿ ಒಂದು ಪ್ರಶ್ನೆ ಕೇಳಬೇಕಾದರೆ ಮೊದಲು ವಿಧಿಪೂರ್ವಕ ದ್ವಂದ್ವಯುದ್ಧ ಗೆಲ್ಲಬೇಕು. ಮಡಿಯ ಹೆಸರಿನಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದ ನಮಗೆ ಆ ಅಧ್ಯಾಯದ ವ್ಯಂಗ್ಯ ಅಮೆರಿಕದವರಿಗಿಂತ ಬೇಗ ತಾಗುತ್ತದೆ.

ಮೂರನೆಯ ಪುಸ್ತಕ ‘ದ ಲಾಸ್ಟ್ ಕಾಲನಿ’ ತೆರೆದಾಗ ನನಗೆ ಆಶ್ಚರ್ಯ ಕಾದಿತ್ತು. ಪೆರಿ ಮತ್ತು ಜೇನ್ ಈಗ ನಿವೃತ್ತರು, ಹಕಲ್‌ಬೆರಿ ಎಂಬ ಗ್ರಹದ ‘ನ್ಯೂ ಗೋವಾ’ ಹಳ್ಳಿಯಲ್ಲಿದ್ದಾರೆ. ಭಾರತದಿಂದ ಹೋದವರು ನೆಲೆಸಿದ ಊರು. ಎಷ್ಟೋ ಜೀವಜಾತಿಗಳ ರಕ್ತಪಾತ ಕಂಡುಬಂದ ಪೆರಿ ಇಲ್ಲಿ ಪಂಚಾಯಿತಿ ಮಾಡುತ್ತಿದ್ದಾನೆ: ಚೆಂಗಲ್‌ಪೇಟ್ ಎಂಬ ಅಡ್ಡಹೆಸರಿನ ಅಣ್ಣತಮ್ಮಂದಿರು ಆಡಿನ ವಿಷಯಕ್ಕೆ ಜಗಳ ತಂದಿದ್ದಾರೆ. ತಮಿಳುನಾಡಿನ ಊರೊಂದು ಅಮೆರಿಕದ ಲೇಖಕರ ಕೈಯಲ್ಲಿ ಮನೆತನದ ಹೆಸರಾಗಿ ನಕ್ಷತ್ರಲೋಕ ಸೇರಿದೆ. ಹೆಸರುಗಳನ್ನು ಎಲ್ಲಿಂದ ಹೆಕ್ಕಿದರೋ ಎಂದು ಗೊಣಗಿದರೂ ಜಗಳ ಮಾತ್ರ ಅಸಲಿ ಎಂದು ಒಪ್ಪಬೇಕು; ಆಡು ನೆಪ, ಒಳಗಿರುವುದು ಹಳೆಯ ದಾಯಾದಿ ಮತ್ಸರ. ಪೆರಿಯ ಸಹಾಯಕಿ ಸಾವಿತ್ರಿ ಗುಂಟುಪಲ್ಲಿ. ಸಾಹೇಬನ ಒಂದು ಮಾತನ್ನೂ ನೆಲಕ್ಕೆ ಬೀಳಲು ಬಿಡದೆ ಚುಚ್ಚುವ ನಾಲಿಗೆ ಅವಳದು. ಸರಣಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಪೋಷಕ ಪಾತ್ರ, ನಮ್ಮ ಕಡೆಯ ಹೆಸರೆಂಬ ಅಭಿಮಾನ ಬಿಟ್ಟೂ.

ಅದೇ ಮನೆಯಲ್ಲಿ ದತ್ತುಮಗಳು ಜೋಯಿ, ಅವಳ ಬೆನ್ನಿಗೆ ಸದಾ ಇಬ್ಬರು ಓಬಿನ್ ಅಂಗರಕ್ಷಕರು. ಓಬಿನ್‌ಗಳಿಗೆ ಬುದ್ಧಿಯುಂಟು, ಆತ್ಮಪ್ರಜ್ಞೆ ಹುಟ್ಟಿನಿಂದ ಇಲ್ಲ. ಅವರು ಮನುಷ್ಯರನ್ನು ಕೊಂದ ಕಥೆಗಳು ಎರಡನೆಯ ಪುಸ್ತಕದಲ್ಲಿ ಬೇಕಾದಷ್ಟಿವೆ. ಈ ಇಬ್ಬರಿಗೆ ಮಗುವಾಗಿದ್ದಾಗ ಜೋಯಿ ಇಟ್ಟ ಹೆಸರು ಹಿಕರಿ ಮತ್ತು ಡಿಕರಿ. ನಮ್ಮ ಶಿಶುವಿಹಾರಗಳಲ್ಲೂ ಹಾಡಿಸುವ, ಇಲಿ ಗಡಿಯಾರ ಹತ್ತುವ ಆ ಇಂಗ್ಲಿಷ್ ಪದ್ಯದ ಹೆಸರುಗಳು. ಅವಳ ಒಂದು ಮಾತಿಗೆ ಊರನ್ನೇ ಕೊಲ್ಲಬಲ್ಲ ಜೀವಿಗಳು ಗಂಭೀರವಾಗಿ ಆ ಹೆಸರಿಗೆ ಓಗೊಡುತ್ತವೆ. ಜೋಯಿಯ ಹೆತ್ತ ತಂದೆ ಎರಡನೆಯ ಪುಸ್ತಕದ ಆ ದ್ರೋಹಿಯೇ ಎಂಬುದನ್ನೂ ಈ ಕಾವಲು ಯಾಕೆ ಬಂತೆಂಬುದನ್ನೂ ನೆನೆದರೆ ಶಿಶುಗೀತೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ದೂರು ಒಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಸ್ಕಾಲ್ಜಿಯ ಪಾತ್ರಗಳಿಗೆ ನಾಲಿಗೆ ಒಂದೇ. ಪೆರಿ, ಹ್ಯಾರಿ, ಸಾವಿತ್ರಿ, ಜೋಯಿ, ಸೇನಾಪತಿಗಳು, ಒಮ್ಮೊಮ್ಮೆ ಪರಗ್ರಹದವರು ಕೂಡ, ಚುರುಕಾದ ಒಂದೇ ವರಸೆಯಲ್ಲಿ ಎದುರುತ್ತರ ಕೊಡುತ್ತಾರೆ. ಯಾರು ಮಾತಾಡಿದರೆಂಬ ಸೂಚನೆ ತೆಗೆದರೆ ಗುರುತು ಸಿಗುವುದು ಕಷ್ಟ. ಮೊದಲ ಪುಸ್ತಕದಲ್ಲಿ ಇದು ಕಣ್ಣಿಗೆ ಬೀಳದಿರಲು ಕಾರಣ ಎಲ್ಲರೂ ಒಂದೇ ವಯಸ್ಸಿನ, ಒಂದೇ ದೇಶದ ಮುದುಕರು. ಆಮೇಲೆ ಆ ನೆಪ ಉಳಿಯುವುದಿಲ್ಲ. ವಿಯೆಟ್ನಾಂನಲ್ಲಿ ಗಾಯಗೊಂಡು ಬಂದ ಜೋ ಹಾಲ್ಡಮನ್ 1974ರಲ್ಲಿ ಪ್ರಕಟಿಸಿದ ‘ದ ಫಾರೆವರ್ ವಾರ್’ ಕಾದಂಬರಿಯಲ್ಲಿ ವಿನೋದ ಬಹಳ ಕಡಿಮೆ, ಇರುವುದು ಎಲುಬಿಗೆ ಇಳಿಯುತ್ತದೆ. ಅಲ್ಲಿ ಮೇಲಧಿಕಾರಿಗೆ ಅಶ್ಲೀಲವಾಗಿ ಬೈಯುವುದು ಕಡ್ಡಾಯ. ಸೈನಿಕರ ಹುಮ್ಮಸ್ಸು ಹೆಚ್ಚಿಸಲು ಸೈನ್ಯವೇ ಮಾಡಿದ ನಿಯಮ. ಬೇಸತ್ತ ಹುಡುಗರು ರಾಗವಿಲ್ಲದೆ ಒಟ್ಟಾಗಿ ಬೈಯುತ್ತಾರೆ. ಪೆರಿ ತನ್ನ ಯಂತ್ರಕ್ಕಿಟ್ಟ ಹೆಸರಿನ ಹಿಂದಿರುವ ವಿಷಯವೇ ಇದು, ಹಾಲ್ಡಮನ್ ಅದನ್ನು ಒಂದು ವಾಕ್ಯದಲ್ಲಿ ಮುಗಿಸಿದ್ದಾರೆ. ಅಲ್ಲಿ ಓದುಗ ನಗಲು ಸಮಯವೇ ಇಲ್ಲ. ಸ್ಕಾಲ್ಜಿ ಸಮಯ ಕೊಡುತ್ತಾರೆ, ಅದಕ್ಕೇ ಅವರ ಪುಸ್ತಕವನ್ನು ಹೆಚ್ಚು ಮಂದಿ ಓದಿ ಮುಗಿಸುತ್ತಾರೆ. ಎರಡರಲ್ಲಿ ದೊಡ್ಡ ಕೃತಿ ಯಾವುದೆಂದರೆ ನಾನು ಹಾಲ್ಡಮನ್ ಕಡೆಗೆ ವಾಲುತ್ತೇನೆ. ಪ್ರಯಾಣಕ್ಕೆ ಚೀಲದಲ್ಲಿ ಹಾಕಿಕೊಳ್ಳುವುದು ಸ್ಕಾಲ್ಜಿಯನ್ನು.

‘ದ ಹ್ಯೂಮನ್ ಡಿವಿಷನ್’ ಹದಿಮೂರು ಕಂತುಗಳಲ್ಲಿ ಬಂತು. ನಾಯಕ ಈಗ ಹ್ಯಾರಿ ವಿಲ್ಸನ್, ಅಂದಿನ ಏಳು ಮಂದಿಯಲ್ಲಿ ಉಳಿದವರಲ್ಲೊಬ್ಬ. ಸಂಶೋಧನಾ ವಿಭಾಗಕ್ಕೆ ವರ್ಗವಾದದ್ದರಿಂದ ಬದುಕಿದ. ಒಂದು ಕಂತಿನಲ್ಲಿ ಅವನಿಗೆ ರಾಯಭಾರಿಯ ನಾಯಿಯನ್ನು ನೋಡಿಕೊಳ್ಳುವ ಕೆಲಸ. ಒಳಗೆ ಅಂತರ್ಯುದ್ಧ ನಿಲ್ಲಿಸುವ ಸಂಧಿ ಮಾತುಕತೆ, ಹೊರಗೆ ಅರಮನೆಯ ತೋಟದಲ್ಲಿ ಮಾಂಸಾಹಾರಿ ಗಿಡವೊಂದು ನಾಯಿಯನ್ನು ನುಂಗುತ್ತದೆ. ಅದನ್ನು ಹೊರತೆಗೆಯಲು ಹೋದರೆ, ಹಿಂದೆ ಉತ್ತರಾಧಿಕಾರಿ ಇಲ್ಲದೆ ಕಣ್ಮರೆಯಾಗಿ ಆ ಯುದ್ಧಕ್ಕೆ ಕಾರಣನಾದ ರಾಜನ ಅವಶೇಷ ಅಲ್ಲಿ ಸಿಗುತ್ತದೆ. ಜೋರಾಗಿ ನಕ್ಕೆ, ಮನೆಯವರು ಏನಾಯಿತೆಂದು ಕೇಳುವಷ್ಟು ಜೋರಾಗಿ. ವಿವರಿಸಲು ಹೋಗಿ ಗಿಡ, ನಾಯಿ, ರಾಜ ಎಂದು ಮೂರು ಪದಕ್ಕೇ ನಿಲ್ಲಿಸಬೇಕಾಯಿತು.

ಈ ಕಂತಿಗೆ ವಸೂಲಿ ಇಲ್ಲ. ಸಪ್ಪೆಯಾಗುತ್ತದೆ ಎಂದು ಮೇಲೆ ಬರೆದೆನಲ್ಲ, ಇಲ್ಲಿ ಆ ಮಾತಿಗೆ ವಿನಾಯಿತಿ ಕೊಡಬೇಕು. ಬಹುಶಃ ಹ್ಯಾರಿಯ ಕಾರಣಕ್ಕೆ. ಕೊಡಬೇಕಾದದ್ದನ್ನೆಲ್ಲ ಮೊದಲ ಪುಸ್ತಕದಲ್ಲೇ ಕೊಟ್ಟು ಮುಗಿಸಿದವನು ಅವನು, ಒಂದು ನಾಯಿಯ ಹಿಂದೆ ಓಡಿ ನಗೆಪಾಟಲಾಗುವ ಹಕ್ಕು ಅವನಿಗಿದೆ. ಹೊಸ ಪುಸ್ತಕದಲ್ಲಿ ಯಾರು ಉಳಿದಿದ್ದಾರೆ, ಯಾರಿಲ್ಲ ಎಂದು ನಾನು ಇಲ್ಲಿ ಹೇಳುವುದಿಲ್ಲ. ಸರಣಿಯನ್ನು ಶುರುಮಾಡುವವರು ಮೊದಲಿನದರಿಂದಲೇ ಶುರುಮಾಡಿ, ಮತ್ತು ನೇಮಕಾತಿ ಕಚೇರಿಯ ಷರತ್ತುಗಳನ್ನು ನಿಧಾನವಾಗಿ ಓದಿ.